ಕಲ್ಮಷದಲ್ಲಿ ಕೃಷಿ

ದಕ್ಷಿಣ ಪಿನಾಕಿನಿಯು ಕೆಲವರಪಳ್ಳಿ ಅಣೆಕಟ್ಟಿನಿಂದ ಬಿಳಿಯ ನೊರೆಯನ್ನು ಹೊತ್ತು ಹರಿಯುವುದನ್ನು ಕಂಡಿರುವ ಹೊಸೂರು ಸೀಮೆಯ ಜನರಿಗೆ ಮಲಿನಜಲವೆಂದರೇನೆಂದು ವಿವರಿಸಬೇಕಾದುದಿಲ್ಲ. ಆದರೆ ಕಾರ್ಖಾನೆಯ ಮಲಿನಜಲವೂ ಕೆಲವು ಜೀವಿಗಳ ಪಾಲಿಗೆ ಮೃಷ್ಟಾನ್ನವಾಗಬಲ್ಲುದೆಂಬುದನ್ನೂ, ಅವುಗಳನ್ನು ಕ್ರಮವರಿತು ಪೋಷಿಸಿದರೆ ಅದರಿಂದ ಇಂಧನವನ್ನೇ ಪಡೆಯಬಹುದೆಂಬುದನ್ನೂ ತಿಳಿಯಬಯಸುವವರು, ಕೃಷ್ಣಗಿರಿಯಿಂದ ಸೇಲಂ, ನಾಮಕ್ಕಲ್ ಮಾರ್ಗವಾಗಿ ತೆಂಕಣಕ್ಕೆ ನಡೆದು, ಕರೂರು ಜಿಲ್ಲೆಯ ಕಾಗಿತಪುರದತ್ತ ದೃಷ್ಟಿ ಹಾಯಿಸಬೇಕು.

ತಮಿಳುನಾಡು ಸರಕಾರವು 1979ರಲ್ಲಿ ಸ್ಥಾಪಿಸಿದ ತಮಿಳುನಾಡು ನ್ಯೂಸ್‌ಪ್ರಿಂಟ್ ಅಂಡ್ ಪೇಪರ್ಸ್ ಸಂಸ್ಥೆಯ ಕಾಗದದ ಕಾರ್ಖಾನೆ ಅಲ್ಲಿದೆ. 1936ರಲ್ಲಿ ಸ್ಥಾಪಿತವಾದ ನಮ್ಮ ಭದ್ರಾವತಿಯ ಮೈಸೂರು ಕಾಗದದ ಕಾರ್ಖಾನೆ ಮಲೆನಾಡಿನ ಬಿದಿರನ್ನು ನೆಚ್ಚಿದ್ದರೆ, ಇದು ಕಬ್ಬಿನ ಸಿಪ್ಪೆಯನ್ನು ಮುಖ್ಯ ಆಧಾರವಾಗಿ ಆರಿಸಿಕೊಂಡಿತು. ಸಕ್ಕರೆ ಕಾರ್ಖಾನೆಗಳು ಉರುವಲಾಗಿ ಸುಟ್ಟುಬಿಡುತ್ತಿದ್ದ ಸಿಪ್ಪೆಯನ್ನು, ಅದಕ್ಕೆ ಪ್ರತಿಯಾಗಿ ಬೇರೆ ಇಂಧನವನ್ನೊದಗಿಸಿ ಪಡೆದುಕೊಂಡ ಈ ವ್ಯವಸ್ಥೆಯೇ ಶ್ಲಾಘನೀಯವಾದುದು.

ಹೀಗೆ ಬಂದ ಸಿಪ್ಪೆಯನ್ನು ಬೆಟ್ಟದಂತೆ ರಾಶಿಹಾಕಿ ತೇವವಾಗಿಯೇ ಇಟ್ಟು, ಬೇಯಿಸುವ ಮುನ್ನ ತೊಳೆಯುತ್ತಾರೆ. ಅದರೊಳಗೆ ಉಳಿದ ಸಕ್ಕರೆಯ ಅಂಶವೂ ಹುಳಿತು ಹುಟ್ಟಿದ ಆಮ್ಲಗಳೂ ತೊಳೆದ ನೀರಿಗಿಳಿಯುತ್ತವೆ; ಈ ನೀರು ನೇರವಾಗಿ ನದಿಯನ್ನು ಸೇರಿದರೆ, ಅದರಲ್ಲಿನ ಸಕ್ಕರೆ ಆಮ್ಲಗಳನ್ನು ಸೂಕ್ಷ್ಮಜೀವಿಗಳು ಅರಗಿಸುವ ಭರದಲ್ಲಿ ಜಲದ ಆಮ್ಲಜನಕವೆಲ್ಲ ವ್ಯಯವಾಗಿ ಮೀನುಗಳು ಉಸಿರುಗಟ್ಟುವುವು. ತೆರೆದ ಕೊಳಗಳಲ್ಲಿ ಕೊಳೆಯಬಿಟ್ಟರೆ ಮೀಥೇನ್ ಅನಿಲವು ಆಕಾಶಕ್ಕೆ ವೃಥಾ ಸೇರಿಹೋಗುವುದು. ಆದುದರಿಂದ ಈ ಶತಮಾನದ ಮೊದಲ ವರ್ಷಗಳಲ್ಲಿ, ಡಚ್ ವಿಜ್ಞಾನಿ ಗಾಟ್ಸೆ ಲೆಟಿಂಗಾ 1970ರ ದಶಕದಲ್ಲಿ ರೂಪಿಸಿದ ವಿಧಾನವನ್ನನುಸರಿಸಿ, ಮುಚ್ಚಿದ ತೊಟ್ಟಿಗಳನ್ನು ಕಟ್ಟಲಾಯಿತು.

ಈ ತೊಟ್ಟಿಯಲ್ಲಿ ನಡೆಯುವ ಕ್ರಿಯೆ, ರೈತರ ಮನೆಯ ಗೋಬರ್ ಗ್ಯಾಸ್ ಗುಂಡಿಯಲ್ಲಿ ನಡೆಯುವುದೇ ಆಗಿದೆ. ನೀರು ತಳದಿಂದ ಮೇಲಕ್ಕೇರುತ್ತ, ಸೂಕ್ಷ್ಮಜೀವಿಗಳು ತಾವೇ ಹೆಣೆದುಕೊಂಡ ಕಾಳಿನಂತಹ ಕೆಸರಿನ ಪದರವನ್ನು ಹಾಯುತ್ತದೆ. ಮೊದಲ ವರ್ಗದ ಜೀವಿಗಳು ಸಂಕೀರ್ಣ ದ್ರವ್ಯಗಳನ್ನು ಒಡೆದು ಆಮ್ಲವಾಗಿಸುವುವು, ಗಾಳಿಯನ್ನು ಸಹಿಸದ ಕೊನೆಯ ವರ್ಗದವು ಆ ಆಮ್ಲವನ್ನು ಮೀಥೇನ್ ಆಗಿಸುವುವು. ಮೇಲೇರುವ ಅನಿಲವನ್ನು ಸಂಗ್ರಹಿಸಿ ಸುಣ್ಣದ ಗೂಡಿನಲ್ಲಿ ಫರ್ನೇಸ್ ಎಣ್ಣೆಗೆ ಬದಲಾಗಿ ಉರಿಸುತ್ತಾರೆ. ಆ ಗೂಡು ಸುಣ್ಣದ ಕೆಸರನ್ನು ಮತ್ತೆ ಸುಣ್ಣವಾಗಿಸಿ, ತಿರುಳು ಬೇಯಿಸುವ ಕಾರ್ಯಕ್ಕೆ ಮರಳಿ ಕೊಡುತ್ತದೆ. ಕಾರ್ಖಾನೆಯ ತ್ಯಾಜ್ಯವೇ ಕಾರ್ಖಾನೆಯ ಒಲೆಯನ್ನು ಹೊತ್ತಿಸಿದ ಈ ಪರಿಯನ್ನು ನಾನು ಬಹುವಾಗಿ ಮೆಚ್ಚುತ್ತೇನೆ.

ತಿರುಳು ಬೇಯಿಸಿದಾಗ ಉಳಿಯುವ, ಲಿಗ್ನಿನ್ ಎಂಬ ಅಂಟುದ್ರವ್ಯ ತುಂಬಿದ ಕಪ್ಪು ದ್ರಾವಣವನ್ನು ಬಾಯ್ಲರಿನಲ್ಲಿ ಸುಟ್ಟು ಶಕ್ತಿಯನ್ನೂ ರಾಸಾಯನಿಕಗಳನ್ನೂ ಪಡೆಯುವ ಪದ್ಧತಿ ಸಮರ್ಪಕವಾಗಿಯೇ ಇದೆ. ಅಲ್ಲಿ ಜೀವಿಗಳನ್ನು ಹೂಡುವ ಆತುರ ಬೇಡ. ಕಾಗದದ ತಯಾರಿಕೆಯಲ್ಲಿ ಉಳಿಯುವ ನಾರಿನ ಕೆಸರಿನ ವಿಷಯ ಬೇರೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸಾಲೊಮನ್ ದ್ವೀಪಗಳಲ್ಲಿ ಅಮೆರಿಕದ ಸೈನ್ಯದ ಹತ್ತಿಬಟ್ಟೆಯನ್ನು ತಿಂದ ಟ್ರೈಕೊಡರ್ಮ ಎಂಬ ಶಿಲೀಂಧ್ರ ಸ್ರವಿಸುವ ಕಿಣ್ವಗಳು ಸೆಲ್ಯುಲೋಸನ್ನು ಸಕ್ಕರೆಯಾಗಿಸಬಲ್ಲವು. ಆ ಸಕ್ಕರೆಯನ್ನು ಯೀಸ್ಟು ಮದ್ಯಸಾರವಾಗಿಸಬಲ್ಲುದು. ಫಿನ್ಲೆಂಡಿನವರಂತೂ 1970ರ ದಶಕದಲ್ಲಿಯೇ ಕಾಗದದ ತಿರುಳಿನ ದ್ರಾವಣದಲ್ಲಿ ಪೇಕಿಲೋ ಎಂಬ ಶಿಲೀಂಧ್ರವನ್ನು ಬೆಳೆಸಿ, ಪಶುಗಳ ಆಹಾರಕ್ಕೆ ಪ್ರೋಟೀನನ್ನು ತಯಾರಿಸಿದ್ದರು.

ಯಂತ್ರಭಾಗಗಳನ್ನೂ ಗುಲಾಬಿಯನ್ನೂ ಹೊರಗೆ ಕಳುಹಿಸುವ ಹೊಸೂರಿಗೆ ರಟ್ಟಿನ ಪೆಟ್ಟಿಗೆ ದಿನನಿತ್ಯದ ಅಗತ್ಯ. ಗುಜರಿ ಸೇರಿದ ರಟ್ಟು ಮರುಬಳಕೆಯ ಕಾರ್ಖಾನೆಗಳಲ್ಲಿ ಪುನಃ ಪುನಃ ಕಾಗದವಾಗುತ್ತ ಹೋದಂತೆ ಅದರ ನಾರು ಕುಗ್ಗಿ, ಕಡೆಗೆ ಕೆಸರಾಗಿ ಉಳಿಯುತ್ತದೆ. ಇಂತಹ ಸಣ್ಣ ಕಾರ್ಖಾನೆಗಳು ಒಂಟಿಯಾಗಿ ಕಾಗಿತಪುರದ ವೆಚ್ಚವನ್ನು ಹೊರಲಾರವು. ಹಲವು ಕೂಡಿ ಒಂದು ತೊಟ್ಟಿಯನ್ನು ಕಟ್ಟಿಕೊಳ್ಳುವುದಾದರೆ ಸರಕಾರ ನೆರವಾಗಬೇಕು, ಹೊಸೂರು ಕೃಷ್ಣಗಿರಿಗಳ ಕಾಲೇಜುಗಳಲ್ಲಿ ಸೂಕ್ಷ್ಮಜೀವಿಶಾಸ್ತ್ರವನ್ನೋದುವ ತರುಣರು ಆ ಕೆಸರನ್ನು ತಮ್ಮ ಪ್ರಯೋಗಶಾಲೆಗೆ ತಂದು ಪರೀಕ್ಷಿಸಬೇಕು.