ಮಧ್ಯಯುಗದ ವಾಣಿಜ್ಯಸಮಯಗಳೂ ವಿಜಯನಗರದ ಕುದುರೆ ವ್ಯಾಪಾರವೂ

ಕ್ರಿ. ಶ. 1547ನೆಯ ಸೆಪ್ಟೆಂಬರ್ 19ರಂದು ವಿಜಯನಗರದ ಸದಾಶಿವರಾಯನಿಗೂ ಗೋವೆಯ ಪೋರ್ಚುಗೀಸ್ ಅಧಿಪತಿಯಾದ ಜೊಆವ್ ದ ಕಾಸ್ತ್ರೋವಿಗೂ ಒಂದು ಒಡಂಬಡಿಕೆಯಾಯಿತು. ಸಿಂಹಾಸನದಲ್ಲಿ ಸದಾಶಿವರಾಯನಿದ್ದರೂ ರಾಜ್ಯಭಾರವೆಲ್ಲವೂ ಅಳಿಯ ರಾಮರಾಯನ ಕೈಯಲ್ಲಿದ್ದಿತೆಂಬುದು ಸುವಿದಿತವಾಗಿದೆ. ಚರಿತ್ರಗ್ರಂಥಗಳು ಈ ಪತ್ರವನ್ನು ಬಿಜಾಪುರದ ವಿರುದ್ಧ ಹೂಡಿದ ತಂತ್ರವೆಂದು ಎರಡು ಪಂಕ್ತಿಗಳಲ್ಲಿ ಹೇಳಿ ಮುಗಿಸುವುದುಂಟು. ಆದರೆ ಇದರ ಬಹುಭಾಗವು ವ್ಯಾಪಾರಕ್ಕೆ ಸಂಬಂಧಿಸಿದುದು. ಇದಕ್ಕಿಂತ ಹಿಂದೆ ಇಟಲಿಯ ವರ್ತಕರಿಗೂ ಮುಸಲ್ಮಾನ ಸುಲ್ತಾನರಿಗೂ ನಡೆದಿದ್ದ ಒಪ್ಪಂದಗಳೊಡನೆ ಹೋಲಿಸಿದರೆ ಇದರ ಸ್ವರೂಪವೂ ಇದರ ದೋಷವೂ ಸ್ಪಷ್ಟವಾಗುವುವು.

ಇಂಥ ಒಪ್ಪಂದಕ್ಕೆ ನಮ್ಮ ಶಾಸ್ತ್ರದಲ್ಲಿ ‘ಸಮಯ’ವೆಂದೂ ‘ಸಂವಿತ್’ ಎಂದೂ ಹೆಸರು. ಸಮೂಹಗಳು ಮಾಡಿಕೊಂಡ ಕಟ್ಟಳೆಯನ್ನು ಮೀರುವುದನ್ನು ಮನುವೂ ನಾರದನೂ ವ್ಯವಹಾರಪದಗಳಲ್ಲಿ ಒಂದಾಗಿ ಎಣಿಸಿರುತ್ತಾರೆ. ಮೈಸೂರಿನಲ್ಲಿ ಶಾಮಶಾಸ್ತ್ರಿಗಳವರು 1909ರಲ್ಲಿ ಬೆಳಕಿಗೆ ತಂದ ಕೌಟಿಲ್ಯನ ಅರ್ಥಶಾಸ್ತ್ರವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಪರದೇಶದ ಸರಕನ್ನು ತರುವವರಿಗೆ ಅನುಗ್ರಹ ತೋರಬೇಕು. ಬಿರುಗಾಳಿಗೆ ಸಿಕ್ಕಿ ಬಂದ ನೌಕೆಯನ್ನು ತಂದೆಯಂತೆ ಕಾಪಾಡಬೇಕು. ನೀರಿನಿಂದ ಕೆಟ್ಟ ಸರಕಿಗೆ ಸುಂಕವನ್ನು ಬಿಡಬೇಕು ಅಥವಾ ಅರ್ಧವನ್ನು ಮಾತ್ರ ತೆಗೆದುಕೊಳ್ಳಬೇಕು ಎಂಬುದು ಅದರ ವಿಧಿ.

ಈ ವಿಧಿಯು ಎಲ್ಲೆಡೆಯೂ ನಡೆಯುತ್ತಿರಲಿಲ್ಲ. ತಮ್ಮ ರೇವಿಗೆ ಹೊರಡದೆ, ಗಾಳಿಯ ವಶದಿಂದ ಬಂದ ಹಡಗನ್ನು ಏಳಿಮಲೆಯ ಕರಾವಳಿಯವರು ಸೂರೆಮಾಡುತ್ತಿದ್ದರೆಂದು ವೆನಿಸ್ಸಿನ ಮಾರ್ಕೊ ಪೋಲೊ ಹೇಳಿರುತ್ತಾನೆ. ಈ ದುರಾಚಾರವನ್ನು ತಡೆಯುವುದಕ್ಕಾಗಿಯೇ ಕಾಕತೀಯ ಗಣಪತಿದೇವನು 1244–45ರಲ್ಲಿ ಮೋಟುಪಲ್ಲಿಯಲ್ಲಿ ಅಭಯಶಾಸನವನ್ನು ಹಾಕಿಸಿದನು. ಹಿಂದಿನ ಅರಸರು ಒಡೆದ ನೌಕೆಗಳ ಸರಕನ್ನೆಲ್ಲ ಕಿತ್ತುಕೊಳ್ಳುತ್ತಿದ್ದರು, ತಾನು 30ರಲ್ಲಿ ಒಂದು ಭಾಗದ ಸುಂಕವನ್ನು ಮಾತ್ರ ತೆಗೆದುಕೊಳ್ಳುವೆನು ಎಂಬುದು ಅದರ ತಾತ್ಪರ್ಯ. ಕಲ್ಲಿಕೋಟೆಯಲ್ಲಿಯೂ ಇಂಥ ಅಭಯವಿದ್ದಿತು. 1443ರಲ್ಲಿ ಮಂಗಳೂರಿನ ಮಾರ್ಗವಾಗಿ ವಿಜಯನಗರಕ್ಕೆ ಬಂದ ಪಾರಸಿಕ ರಾಯಭಾರಿ ಅಬ್ದುರ್ ರಜಾಕನು, ಕಲ್ಲಿಕೋಟೆಯಲ್ಲಿ ಸರಕು ಮಾರಾಟವಾದರೆ 40ರಲ್ಲಿ ಒಂದು ಭಾಗ, ಇಲ್ಲವಾದರೆ ಏನೂ ಇಲ್ಲವೆಂದು ಬರೆದಿರುವನು.

ಇನ್ನು ಮೆಡಿಟರೇನಿಯನ್ ಸಮುದ್ರದ ಕಡೆಗೆ ನೋಡೋಣ. ನಮ್ಮ ಪಶ್ಚಿಮ ತೀರದ ಮೆಣಸು ಏಡನ್ನಿನ ಮೂಲಕ ಅಲೆಗ್ಸಾಂಡ್ರಿಯಕ್ಕೆ ಹೋಗಿ ಅಲ್ಲಿ ವೆನಿಸ್ಸಿನ ಹಡಗುಗಳನ್ನು ಏರುತ್ತಿದ್ದಿತು. ಅಲ್ಲಿ ಪೀಸಾ ನಗರದವರು 1173ರಲ್ಲಿ ಸಲಾದೀನನೊಡನೆ ಒಪ್ಪಂದ ಮಾಡಿಕೊಂಡರು. ವೆನಿಸ್ಸಿನವರು 1238, 1254, 1345, 1422 ಮುಂತಾದ ವರ್ಷಗಳಲ್ಲಿ ಸುಲ್ತಾನರಿಂದ ಪತ್ರಗಳನ್ನು ಪಡೆದರು. ವರ್ತಕರು ಇಳಿದುಕೊಳ್ಳಲು ‘ಫುಂದುಕ್’ ಎಂಬ ಬಿಡಾರ. ಅವರವರ ವ್ಯಾಜ್ಯವನ್ನು ತೀರಿಸಲು ಅವರದೇ ಅಧಿಕಾರಿ. ಒಡೆದ ಹಡಗಿನ ಸರಕು ಒಡೆಯನಿಗೇ ಸಲ್ಲುವುದು. ಒಬ್ಬನ ಸಾಲಕ್ಕೆ ಇನ್ನೊಬ್ಬನನ್ನು ಹಿಡಿಯದಿರುವುದು—ಇವು ಮುಖ್ಯ ನಿಬಂಧನೆಗಳು. ಈ ರಕ್ಷಣೆಗೆ ಅರಬ್ಬಿಯಲ್ಲಿ ‘ಅಮಾನ್’ ಎನ್ನುವರು. ಅರ್ಥವು ನಮ್ಮ ‘ಅಭಯ’ವೇ. ಕನ್ನಡದಲ್ಲಿ ಬಳಕೆಯಲ್ಲಿರುವ ‘ಅಮಾನತ್ತು’ ಎಂಬುದೂ ಅದೇ ಧಾತುವಿನಿಂದ ಹುಟ್ಟಿದುದು.

ಈ ಕಾಲದಲ್ಲಿಯೇ ಕ್ರೈಸ್ತರಿಗೂ ಮುಸಲ್ಮಾನರಿಗೂ ಧರ್ಮಯುದ್ಧವು ನಡೆಯುತ್ತಿದ್ದಿತು. ಆಯುಧ, ಕಬ್ಬಿಣ, ಮರಗಳನ್ನು ಮುಸಲ್ಮಾನರಿಗೆ ಮಾರಕೂಡದೆಂದು 1179ರಲ್ಲಿ ರೋಮಿನ ಧರ್ಮಸಭೆಯು ನಿಷೇಧಿಸಿತು. ಆದರೆ ಅದಕ್ಕೂ ಮುಂಚೆಯೇ ಸಲಾದೀನನು ಖಲೀಫನಿಗೆ ಬರೆಯಿಸಿದ ಪತ್ರದಲ್ಲಿ, ವೆನಿಸ್, ಪೀಸಾ, ಜಿನೋವಾ ನಗರದವರು ತನಗೆ ಆಯುಧಗಳನ್ನು ತಂದು ಮಾರುತ್ತಿರುವರೆಂದು ಹೆಮ್ಮೆಯಿಂದ ಹೇಳಿಕೊಂಡಿರುವನು. ಮತಭೇದವು ವ್ಯಾಪಾರವನ್ನು ನಿಲ್ಲಿಸಲಿಲ್ಲ. ಅದನ್ನು ಕೆಡಿಸಿದುದು ಬೇರೊಂದು: ಸುಲ್ತಾನ ಬರ್ಸ್‌ಬಾಯಿಯು ಮೆಣಸನ್ನು ತನ್ನೊಬ್ಬನ ಸ್ವತ್ತಾಗಿ ಮಾಡಿಕೊಂಡಾಗ ವೆನಿಸ್ಸಿನವರೊಡನೆ ಕಲಹಗಳು ಹುಟ್ಟಿದುವು.

ಈಗ 1547ರ ಪತ್ರವನ್ನು ಪರಿಶೀಲಿಸೋಣ. ಗೋವೆಯಲ್ಲಿ ಇಳಿದ ಕುದುರೆಗಳೆಲ್ಲವೂ ವಿಜಯನಗರಕ್ಕೇ ಬರಬೇಕು, ಬಿಜಾಪುರಕ್ಕೆ ಒಂದೂ ಹೋಗಕೂಡದು. ವಿಜಯನಗರದ ಪೆಟ್ಲುಪ್ಪು, ಕಬ್ಬಿಣಗಳು ಪೋರ್ಚುಗೀಸರಿಗೇ ಸಲ್ಲಬೇಕು. ಬಟ್ಟೆಗಳು ಅಂಕೋಲೆ ಮತ್ತು ಹೊನ್ನಾವರಗಳಿಗೆ ಬಂದು ತಾಮ್ರ, ಹವಳ, ಪಾದರಸ, ಚೀನದ ರೇಷ್ಮೆ ಮುಂತಾದುವುಗಳಿಗೆ ವಿನಿಮಯವಾಗಬೇಕು. ಮುಸಲ್ಮಾನರ ಹಡಗುಗಳಿಗೆ ರಾಯನ ರೇವುಗಳಲ್ಲಿ ಆಶ್ರಯವಿರಕೂಡದು. ಮೋಟುಪಲ್ಲಿಯ ಶಾಸನವು ಬಂದವನಿಗೆ ಬಾಗಿಲನ್ನು ತೆರೆಯುತ್ತದೆ. ಈ ಪತ್ರವು ಮೂರನೆಯವನಿಗೆ ಬಾಗಿಲನ್ನು ಮುಚ್ಚುತ್ತದೆ. ಮೊದಲನೆಯದನ್ನು ಅಭಯಸಮಯವೆಂದೂ ಎರಡನೆಯದನ್ನು ನಿರ್ಬಂಧಸಮಯವೆಂದೂ ಕರೆಯಬಹುದು.

ನಿರ್ಬಂಧಸಮಯದ ಆಯುಸ್ಸು ಎಷ್ಟು? 1548ರ ಜೂನಿನಲ್ಲಿ ಕಾಸ್ತ್ರೋ ತೀರಿಕೊಂಡನು. ಒಪ್ಪಂದಕ್ಕೆ ವರ್ಷ ತುಂಬುವುದರೊಳಗಾಗಿಯೇ ಅವನ ಸ್ಥಾನಕ್ಕೆ ಬಂದ ಗಾರ್ಸಿಯ ದ ಸಾ ಎಂಬವನು ಬಿಜಾಪುರದ ಇಬ್ರಾಹಿಂ ಆದಿಲಶಾಹನೊಡನೆ ಸಂಧಿ ಮಾಡಿಕೊಂಡನು. ಸಾಷ್ಟಿ, ಬಾರ್ದೇಶಗಳು ಪೋರ್ಚುಗೀಸರಿಗೆ ಸ್ಥಿರವಾದುವು. ತಮಗೆ ಬೇಕಾದುದು ದೊರೆತ ಮೇಲೆ ಅವರಿಗೆ ಆದಿಲಶಾಹನು ಶತ್ರುವಾಗಿ ಉಳಿಯಬೇಕಾದ ಅಗತ್ಯವಿರಲಿಲ್ಲ.

ಕಥೆಯ ಕೊನೆಯನ್ನು ವೆನಿಸ್ಸಿನ ವರ್ತಕನೊಬ್ಬನೇ ಬರೆದಿಟ್ಟಿದ್ದಾನೆ. ರಕ್ಕಸತಂಗಡಿಯ ಯುದ್ಧವಾಗಿ ಎರಡು ವರ್ಷಗಳ ಬಳಿಕ, 1567ರಲ್ಲಿ, ಚೇಸರೆ ಫೆದೆರಿಚಿ ಎಂಬವನು ಹಾಳಾದ ವಿಜಯನಗರಕ್ಕೆ ಬಂದು ಏಳು ತಿಂಗಳು ಇದ್ದನು. ಹಿಂದೆ ಗೋವೆಯಿಂದ ಅರಬ್ಬಿ ಕುದುರೆಗಳೂ ಮಖಮಲ್ಲು, ಕೇಸರಿಗಳೂ ಇಲ್ಲಿಗೆ ಬಂದು, ಇಲ್ಲಿಂದ ರತ್ನಗಳೂ ವರಾಹಗಳೂ ಹೋಗುತ್ತಿದ್ದುವೆಂದು ಅವನು ತಿಳಿಸುತ್ತಾನೆ. ರಾಮರಾಯನ ತಮ್ಮನಾದ ತಿರುಮಲನು, ತನ್ನ ಮುದ್ರೆಯುಳ್ಳ ಕುದುರೆಗಳನ್ನು ಯಾರು ತಂದರೂ ಕೇಳಿದ ಬೆಲೆಯನ್ನು ಕೊಟ್ಟು ಕ್ಷೇಮವಾಗಿ ಕಳುಹಿಸುವೆನೆಂದು ಸಾರಿಸಿದನಂತೆ. ವರ್ತಕರು ನಂಬಿ ತಂದರು. ಕುದುರೆಗಳು ಲಾಯವನ್ನು ಸೇರಿದುವು. ವರ್ತಕರು ಬರಿಗೈಯಲ್ಲಿ ಹಿಂದಿರುಗಿದರು.

ಕುದುರೆಯಿಲ್ಲದೆ ಸೈನ್ಯವಿಲ್ಲ, ವರ್ತಕನಿಲ್ಲದೆ ಕುದುರೆಯಿಲ್ಲ. ಆ ವರ್ತಕನನ್ನು ಬರಮಾಡುವುದು ಆಡಿದ ಮಾತೊಂದೇ. ಅಲೆಗ್ಸಾಂಡ್ರಿಯದ ಪತ್ರಗಳು ಎಷ್ಟೋ ಸಾರಿ ಭಂಗಗೊಂಡರೂ ಮತ್ತೆ ಮತ್ತೆ ಹೊಸದಾಗಲು ಕಾರಣವು, ಅವುಗಳಿಂದ ಇಬ್ಬರಿಗೂ ಲಾಭವಿದ್ದು, ಬಾಳುವುದಕ್ಕೆ ಮೂರನೆಯವನ ಹಾನಿಯು ಅವುಗಳಿಗೆ ಆವಶ್ಯಕವಾಗಿರದಿದ್ದುದೇ ಆಗಿದೆ. ವಿಜಯನಗರದ ಚರಿತ್ರೆಯನ್ನು ಬೋಧಿಸುವವರು 1547ರ ಪತ್ರವನ್ನು ಮತಗಳ ಹೋರಾಟದ ಅಧ್ಯಾಯದಲ್ಲಿ ಸೇರಿಸದೆ, ಮೋಟುಪಲ್ಲಿಯ ಶಾಸನದ ಪಕ್ಕದಲ್ಲಿಟ್ಟು ಓದಿಸುವುದು ಉಚಿತವೆಂದು ನಮ್ಮ ಅಭಿಪ್ರಾಯ.