ಥೆರಪಿ ಕೋಣೆಗೆ ಬಂದ ಜೋಕಾಲಿ

ನಾಗರ ಪಂಚಮಿಗೆ ಇನ್ನೂ ನಾಲ್ಕು ದಿನವಿರುವಾಗಲೇ ನಮ್ಮೂರ ಬೇವಿನ ಮರಗಳಿಗೆ ಹಗ್ಗ ಬೀಳುತ್ತಿತ್ತು. ಟೊಂಗೆಗೆ ಗೋಣಿತಟ್ಟು ಸುತ್ತಿ, ಅದರ ಮೇಲೆ ಗಂಟು ಬಿಗಿದು, ಮನೆಯ ದೊಡ್ಡವರೊಬ್ಬರು ಮೊದಲು ತಾವೇ ಕೂತು ಜಗ್ಗಿ ನೋಡುತ್ತಿದ್ದರು. ಆಮೇಲೆ ನಮ್ಮ ಸರದಿ. ಕೈಯಲ್ಲಿ ಶೇಂಗಾ ಉಂಡಿ, ಬೆನ್ನಿಗೆ ಅಕ್ಕನ ಕೈ. ಹೆಣ್ಣುಮಕ್ಕಳು ಇಬ್ಬಿಬ್ಬರಾಗಿ ಎದುರುಬದುರು ನಿಂತು ಜೀಕಿದರೆ ಸೀರೆಯ ಸೆರಗು ಎಲೆಗಳಿಗೆ ತಾಗುತ್ತಿತ್ತು. ಜೋಕಾಲಿ ಅಂದರೆ ನನಗೆ ಇಷ್ಟೇ ಆಗಿತ್ತು: ಹಬ್ಬ, ತವರು, ಶ್ರಾವಣದ ಗಾಳಿ.

ಹೋದ ವರ್ಷ ಅಕ್ಕನ ಮೊಮ್ಮಗನನ್ನು ಕರೆದುಕೊಂಡು ಹುಬ್ಬಳ್ಳಿಯ ಒಂದು ಥೆರಪಿ ಕೇಂದ್ರಕ್ಕೆ ಹೋದಾಗ ಅಲ್ಲೂ ಜೋಕಾಲಿ ಇತ್ತು. ಛಾವಣಿಯ ಕಬ್ಬಿಣದ ಕೊಂಡಿಯಿಂದ ಹಗ್ಗ ಇಳಿದು, ತುದಿಯಲ್ಲಿ ಮೆತ್ತೆ ಹೊದಿಸಿದ ಹಲಗೆಯೊಂದು ನೆಲದಿಂದ ಗೇಣೆತ್ತರದಲ್ಲಿ ತೂಗಾಡುತ್ತಿತ್ತು. ಹುಡುಗನಿಗೆ ಐದು ವರ್ಷ. ಆಟಿಸಂ ಇದೆ. ಕಾಲು ನೆಲ ಬಿಟ್ಟರೆ ಅವನಿಗೆ ಜೀವ ಹೋದಷ್ಟು ಭಯ. ಪಾರ್ಕಿನ ಜಾರುಬಂಡಿಯಾಗಲಿ, ಸ್ಕೂಟರಿನ ಹಿಂದಿನ ಸೀಟಾಗಲಿ, ಅಪ್ಪನ ಹೆಗಲಾಗಲಿ, ಯಾವುದೂ ಆಗದು. ಅಂಥ ಮಗುವನ್ನು ಜೋಕಾಲಿಯ ಮುಂದೆ ತಂದು ನಿಲ್ಲಿಸುವುದೆಂದರೆ ಏನು?

ಅದಕ್ಕೂ ಮುಂಚೆ ಬೇರೊಂದು ಕಡೆ ಆಗಿದ್ದನ್ನು ಹೇಳಬೇಕು. ಅಲ್ಲಿ ಅವನನ್ನು ಎತ್ತಿ ಕೂರಿಸಿ, ಸೊಂಟಕ್ಕೆ ಬೆಲ್ಟು ಬಿಗಿದು, ಗೋಡೆಯ ಗಡಿಯಾರ ನೋಡಿ ಹತ್ತು ನಿಮಿಷ ತೂಗಿದ್ದರು. ತಾಯಿಯನ್ನು ಬಾಗಿಲ ಹೊರಗೆ ಕೂರಿಸಿದ್ದರು. ಮಗು ಅಳುತ್ತಾ ವಾಂತಿ ಮಾಡಿಕೊಂಡಿತು. ‘ಮೊದಮೊದಲು ಹೀಗೇ, ಆಮೇಲೆ ಅಭ್ಯಾಸ ಆಗುತ್ತದೆ’ ಎಂದರಂತೆ. ಅದಾದ ಮೇಲೆ ಮೂರು ತಿಂಗಳು ಅಂಗಳದಲ್ಲಿ ಬಟ್ಟೆ ಒಣಹಾಕುವ ಹಗ್ಗ ಕಂಡರೂ ಅವನು ಒಳಗೆ ಓಡುತ್ತಿದ್ದ.

ಹೊಸ ಕೇಂದ್ರದ ಹುಡುಗಿ, ಆಕ್ಯುಪೇಷನಲ್ ಥೆರಪಿಸ್ಟು, ಅವನನ್ನು ಮುಟ್ಟಲೂ ಇಲ್ಲ. ತಾನೇ ಹಲಗೆಯ ಮೇಲೆ ಕೂತು, ಒಂದು ಬಟ್ಟೆಯ ಆನೆಯನ್ನು ಪಕ್ಕದಲ್ಲಿಟ್ಟುಕೊಂಡು ಮೆಲ್ಲಗೆ ತೂಗಿಕೊಂಡಳು. ಇವನು ಮೂಲೆಯಲ್ಲೇ ನಿಂತಿದ್ದ. ಆ ದಿನದ ಸೆಷನ್ ಅಷ್ಟಕ್ಕೇ ಮುಗಿಯಿತು. ಅಕ್ಕನ ಮಗಳಿಗೆ ಹೊಟ್ಟೆಯಲ್ಲಿ ಸಂಕಟ. ‘ಚಿಗವ್ವ, ರೊಕ್ಕ ಕೊಟ್ಟು ಆನಿ ತೂಗೋದು ನೋಡಿ ಬಂದಂಗಾತು’ ಅಂದಳು. ನನಗೆ ಮಾತ್ರ ಆ ಕೊಂಡಿಯೇ ಕಣ್ಣಲ್ಲಿ ನಿಂತಿತು. ಬೇವಿನ ಟೊಂಗೆಯಿಂದ ಈ ಕಾಂಕ್ರೀಟಿನ ಛಾವಣಿಗೆ ಜೋಕಾಲಿ ಹೇಗೆ ಬಂತು, ಯಾರು ತಂದರು ಎಂದು ಹುಡುಕುತ್ತಾ ಹೋದೆ.

ಆ ದಾರಿ ಶುರುವಾಗುವುದು ಮಕ್ಕಳಿಂದ ಬಹಳ ದೂರದಲ್ಲಿ, ಇಂಗ್ಲೆಂಡಿನ ಬ್ರಿಸ್ಟಲ್ ಬಳಿಯ ಒಂದು ಮಾನಸಿಕ ಆಶ್ರಯಾಲಯದಲ್ಲಿ. ಅಲ್ಲಿ ವೈದ್ಯನಾಗಿದ್ದ ಜೋಸೆಫ್ ಮೇಸನ್ ಕಾಕ್ಸ್ 1804ರಲ್ಲಿ ಒಂದು ಪುಸ್ತಕ ಬರೆದು, ಬುದ್ಧಿಭ್ರಮಣೆಗೆ ತೂಗು ಕುರ್ಚಿಯೇ ಮದ್ದು ಎಂದು ಸಾರಿದ. ಅವನು ಹೇಳಿದ ಅತಿ ಸರಳ ವಿಧಾನ ಹೀಗಿದೆ: ಛಾವಣಿಗೆ ಒಂದು ಕೊಂಡಿ ಹಾಕಿ, ಅದರಿಂದ ಹಗ್ಗದಲ್ಲಿ ಕುರ್ಚಿ ಇಳಿಬಿಡುವುದು, ರೋಗಿಯ ಕೈಗಳನ್ನು ಬಿಗಿ ಅಂಗಿಯಲ್ಲಿ ಕಟ್ಟುವುದು, ಬೀಳದಂತೆ ತೊಗಲಿನ ಪಟ್ಟಿ ಸುತ್ತುವುದು, ಆಮೇಲೆ ಗಿರಗಿರನೆ ತಿರುಗಿಸುವುದು. ತಲೆ ಸುತ್ತಿ ವಾಂತಿಯಾಗಬೇಕು, ಭಯವಾಗಬೇಕು. ಚಿಕಿತ್ಸೆ ಅಂದರೆ ಅದೇ. ಆರು ವರ್ಷಗಳ ತರುವಾಯ, 1810ರಲ್ಲಿ, ಐರ್ಲೆಂಡಿನ ಕಾರ್ಕ್ ನಗರದ ವಿಲಿಯಂ ಸಾಂಡರ್ಸ್ ಹಲ್ಲರನ್ ಇದನ್ನೇ ದೊಡ್ಡ ಯಂತ್ರ ಮಾಡಿದ. ಅದು ಏಕಕಾಲಕ್ಕೆ ನಾಲ್ವರನ್ನು ಕೂರಿಸಿಕೊಂಡು ನಿಮಿಷಕ್ಕೆ ನೂರು ಸುತ್ತಿನವರೆಗೆ ತಿರುಗಬಲ್ಲದಾಗಿತ್ತು. ಯೂರೋಪಿನ ಹಲವು ಆಶ್ರಯಾಲಯಗಳಿಗೆ ಇಂಥ ಕುರ್ಚಿಗಳು ಹಬ್ಬಿದವು, ಕಾಲಕ್ರಮೇಣ ಕ್ರೂರವೆಂದು ಮೂಲೆ ಸೇರಿದವು.

ಕೊಂಡಿ, ಹಗ್ಗ, ಪಟ್ಟಿ. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಮ್ಮ ಹುಡುಗನ ಸೊಂಟಕ್ಕೆ ಬಿಗಿದ ಬೆಲ್ಟಿಗೆ ಇನ್ನೂರು ವರ್ಷ ವಯಸ್ಸಾಗಿತ್ತು.

ಹೀಗೆ ತಿರುಗಿಸಿದಾಗ ದೇಹದೊಳಗೆ ಏನಾಗುತ್ತದೆ ಎಂಬುದು ಕಾಕ್ಸನಿಗಾಗಲಿ ಹಲ್ಲರನ್‌ಗಾಗಲಿ ಗೊತ್ತಿರಲಿಲ್ಲ. ಉತ್ತರ ಇದ್ದದ್ದು ಕಿವಿಯಲ್ಲಿ. ಒಳಗಿವಿಯ ಮೂರು ಅರೆವೃತ್ತದ ನಾಳಗಳೂ ಕೇಳುವುದಕ್ಕೇ ಇವೆಯೆಂದು ಆಗ ನಂಬಿಕೆ. 1820ರ ದಶಕದಲ್ಲಿ ಫ್ರಾನ್ಸಿನ ಪಿಯರ್ ಫ್ಲೂರಾನ್ ಪಾರಿವಾಳಗಳಲ್ಲಿ ಈ ನಾಳಗಳನ್ನು ಕತ್ತರಿಸಿ ನೋಡಿದ. ಹಕ್ಕಿಗಳಿಗೆ ಕಿವಿ ಕೇಳುತ್ತಿತ್ತು, ಆದರೆ ನೆಟ್ಟಗೆ ನಿಲ್ಲಲಾಗದೆ ಸುತ್ತತೊಡಗಿದವು. ಅದರ ಅರ್ಥ ಬಿಡಿಸಲು ಐವತ್ತು ವರ್ಷ ಹಿಡಿಯಿತು. 1873-74ರ ಹೊತ್ತಿಗೆ ಅರ್ನ್ಸ್ಟ್ ಮಾಖ್, ಜೋಸೆಫ್ ಬ್ರಾಯರ್, ಎಡಿನ್‌ಬರೋದ ಕ್ರಮ್ ಬ್ರೌನ್ ಎಂಬ ಮೂವರು ಬೇರೆಬೇರೆಯಾಗಿ ದುಡಿದು ಒಂದೇ ಮಾತಿಗೆ ಬಂದರು: ನಾಳಗಳೊಳಗಿನ ದ್ರವವೇ ತಿರುಗುವಿಕೆಯನ್ನು ಅರಿಯುತ್ತದೆ. ತಲೆ ತಿರುಗಿದಾಗ ದ್ರವ ಹಿಂದುಳಿಯುತ್ತದೆ, ಅದರಿಂದ ಸೂಕ್ಷ್ಮ ರೋಮಗಳು ಬಾಗುತ್ತವೆ, ಮೆದುಳಿಗೆ ಸುದ್ದಿ ಹೋಗುತ್ತದೆ. ನಿಂತ ಮೇಲೂ ದ್ರವ ಸ್ವಲ್ಪ ಹೊತ್ತು ಹರಿಯುತ್ತಲೇ ಇರುವುದರಿಂದ, ಗಿರಗಿಟ್ಟಲೆ ಆಡಿ ನಿಂತ ಮಗುವಿಗೆ ಅಂಗಳವೇ ಸುತ್ತಿದಂತೆ ಕಾಣುವುದು. ನಾಳಗಳ ಬುಡದಲ್ಲಿ ಸುಣ್ಣದ ಸಣ್ಣ ಹರಳುಗಳಿರುವ ಎರಡು ಚೀಲಗಳೂ ಇವೆ. ಮೇಲೆ ಯಾವುದು, ಕೆಳಗೆ ಯಾವುದು, ಮುಂದೆ ಹೋಗುತ್ತಿದ್ದೇವೋ ಹಿಂದೆ ಬರುತ್ತಿದ್ದೇವೋ ಎಂಬುದನ್ನು ಹೇಳುವವು ಆ ಹರಳುಗಳು.

ಮುಂದಿನ ಹೆಜ್ಜೆ ವಿಯೆನ್ನಾದ ಕಿವಿ ವೈದ್ಯ ರಾಬರ್ಟ್ ಬಾರಾನಿಯದು. ಅವನು ರೋಗಿಗಳ ಕಿವಿಗೆ ನೀರು ಹಾಯಿಸಿ ತೊಳೆಯುವಾಗ ಹಲವರು ತಲೆಸುತ್ತು ಎನ್ನುತ್ತಿದ್ದರು. ಒಬ್ಬ ರೋಗಿ, ನೀರು ತಣ್ಣಗಿದ್ದಾಗ ಮಾತ್ರ ಹಾಗಾಗುತ್ತದೆ ಎಂದ. ಮುಂದಿನ ಸಲ ನೀರನ್ನು ತೀರಾ ಬಿಸಿ ಮಾಡಿಬಿಟ್ಟಿದ್ದರು, ಆಗಲೂ ತಲೆ ಸುತ್ತಿತು. ಆದರೆ ಕಣ್ಣುಗುಡ್ಡೆಗಳು ಹಿಂದಿನ ಸಲದ ವಿರುದ್ಧ ದಿಕ್ಕಿಗೆ ಅದುರಿದವು. ಒಳಗಿವಿಯ ದ್ರವ ಬಿಸಿಗೂ ತಂಪಿಗೂ ಬೇರೆಬೇರೆ ದಿಕ್ಕಿಗೆ ಹರಿಯುತ್ತದೆಂದು ಬಾರಾನಿಗೆ ಹೊಳೆದದ್ದು ಆಗ. ರೋಗಿಯ ದೂರನ್ನು ಕಿವಿಗೊಟ್ಟು ಕೇಳಿದ್ದಕ್ಕೆ ಬಂದ ಫಲವಿದು. ಅವನಿಗೆ 1914ರ ನೊಬೆಲ್ ಪ್ರಶಸ್ತಿ ಬಂದಾಗ ಅವನು ರಷ್ಯಾದಲ್ಲಿ ಯುದ್ಧಕೈದಿಯಾಗಿದ್ದ. ಸ್ವೀಡನ್ನಿನ ರಾಜಕುಮಾರ ನಡುವೆ ಬಂದು ಬಿಡಿಸಿದ ಮೇಲೆ, 1916ರಲ್ಲಿ ಸ್ಟಾಕ್‌ಹೋಮಿಗೆ ಹೋಗಿ ಅದನ್ನು ಪಡೆದ.

ಇಷ್ಟಾದರೂ ಜೋಕಾಲಿ ಮಕ್ಕಳ ಬಳಿಗೆ ಬಂದಿರಲಿಲ್ಲ. ತಂದದ್ದು ಕ್ಯಾಲಿಫೋರ್ನಿಯಾದ ವೈಸೇಲಿಯಾದಲ್ಲಿ 1920ರಲ್ಲಿ ಹುಟ್ಟಿ, ಅಕ್ರೋಟು ತೋಟದಲ್ಲಿ ಬೆಳೆದ ಹೆಣ್ಣುಮಗಳು, ಜೀನ್ ಏರ್ಸ್. ಆಕ್ಯುಪೇಷನಲ್ ಥೆರಪಿ ಓದಿ, ಮಕ್ಕಳೊಡನೆ ಕೆಲಸ ಮಾಡಿ, 1961ರಲ್ಲಿ ಶೈಕ್ಷಣಿಕ ಮನೋವಿಜ್ಞಾನದಲ್ಲಿ ಪಿಎಚ್‌ಡಿ ಪಡೆದು, ಬಳಿಕ ಲಾಸ್ ಏಂಜಲೀಸಿನ ಮೆದುಳು ಸಂಶೋಧನಾ ಸಂಸ್ಥೆಯಲ್ಲಿ ನರವಿಜ್ಞಾನ ಕಲಿತವರು. ಅವರನ್ನು ಕಾಡಿದ್ದು ಒಂದು ಬಗೆಯ ಮಕ್ಕಳು: ಬುದ್ಧಿ ಚುರುಕಾಗಿದೆ, ಕಣ್ಣು ಕಿವಿ ನೆಟ್ಟಗಿವೆ, ಆದರೂ ಅಕ್ಷರ ಸಾಲಿನಲ್ಲಿ ನಿಲ್ಲದು, ಗುಂಡಿ ಹಾಕಿಕೊಳ್ಳಲು ಬಾರದು, ಯಾರಾದರೂ ತಾಗಿದರೆ ಸಿಡಿಯುತ್ತಾರೆ, ಕುರ್ಚಿಯಿಂದ ಜಾರಿ ಬೀಳುತ್ತಾರೆ. ಸೋಮಾರಿಯೆಂದೋ ಹಟಮಾರಿಯೆಂದೋ ಹೆಸರು ಹೊತ್ತ ಮಕ್ಕಳು. ಅಂಥವರು ನಮ್ಮ ಪ್ರತಿ ತರಗತಿಯ ಹಿಂದಿನ ಬೆಂಚಿನಲ್ಲೂ ಇದ್ದರು.

ಪಂಚೇಂದ್ರಿಯ ಎಂದು ನಾವು ಎಣಿಸುವುದರಲ್ಲಿ ಬಾರದ ಎರಡು ಅರಿವುಗಳನ್ನು ಏರ್ಸ್ ಮುಂದಕ್ಕೆ ತಂದರು. ಒಂದು ಒಳಗಿವಿಯ ಸಮತೋಲದ ಅರಿವು. ಇನ್ನೊಂದು ಸ್ನಾಯು ಮತ್ತು ಕೀಲುಗಳಿಂದ ಬರುವ, ನನ್ನ ಕೈ ಕಾಲು ಎಲ್ಲಿವೆ ಎಂಬ ಅರಿವು. ಇವೆರಡೂ ಸ್ಪರ್ಶದ ಜೊತೆ ಸರಿಯಾಗಿ ಹೆಣೆದುಕೊಳ್ಳದಿದ್ದರೆ ಅದರ ಮೇಲೆ ಕಟ್ಟಬೇಕಾದ ಗಮನ, ಬರಹ, ಮಾತು ಅಲುಗಾಡುತ್ತವೆ ಎಂದು ಅವರು ವಾದಿಸಿದರು. ಆ ಹೆಣಿಗೆಗೆ ‘ಸೆನ್ಸರಿ ಇಂಟಿಗ್ರೇಷನ್’ ಎಂದು ಹೆಸರಿಟ್ಟರು. 1972ರಲ್ಲಿ ಅದರ ಮೊದಲ ದೊಡ್ಡ ಪುಸ್ತಕ ಬಂತು. 1979ರಲ್ಲಿ ತಂದೆತಾಯಿಗಳಿಗಾಗಿ ಇನ್ನೊಂದು. ದೂರದಲ್ಲಿದ್ದ ತಮ್ಮ ಸಂಬಂಧಿಕ ಹುಡುಗನೊಬ್ಬನಿಗೆ ಇದೇ ತೊಂದರೆಯಿದ್ದಾಗ ಪತ್ರ ಬರೆದು ಬರೆದೇ ಅವನಿಗೆ ದಾರಿ ತೋರಿದರು. ಆ ಪತ್ರಗಳು ಅವರು ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ, 2004ರಲ್ಲಿ ಪುಸ್ತಕವಾದವು.

ಕಾಕ್ಸನ ಕೊಂಡಿಯನ್ನು ಅವರು ಮತ್ತೆ ಛಾವಣಿಗೆ ಹಾಕಿದರು. ಅದಕ್ಕೆ ನೇತುಬಿದ್ದದ್ದು ಮಾತ್ರ ಬೇರೆ: ಹಲಗೆ, ದಿಂಬಿನಂಥ ಉರುಳೆ, ಬಲೆ, ಬಟ್ಟೆಯ ಜೋಲಿ. ನಮ್ಮ ಪಂಚಮಿ ಜೋಕಾಲಿಗೆ ಎರಡು ಹಗ್ಗ, ಹಿಂದೆ ಮುಂದೆ ಮಾತ್ರ ಹೋಗುತ್ತದೆ. ಒಂದೇ ಕೊಂಡಿಗೆ ಕಟ್ಟಿದರೆ ಅಡ್ಡಕ್ಕೂ ಹೋಗುತ್ತದೆ, ಸುತ್ತಲೂ ಸುತ್ತುತ್ತದೆ. ಹಿಂದೆ ಮುಂದೆ ನಿಧಾನಕ್ಕೆ ಒಂದೇ ಲಯದಲ್ಲಿ ತೂಗಿದರೆ ಮಗು ತಣ್ಣಗಾಗುತ್ತದೆ. ಸುತ್ತಿದರೆ ಎಚ್ಚರಗೊಳ್ಳುತ್ತದೆ, ಹೆಚ್ಚಾದರೆ ಕೆರಳುತ್ತದೆ. ಹೊಟ್ಟೆಯ ಮೇಲೆ ಮಲಗಿ ತೂಗಿಕೊಂಡರೆ ಮುಂದೆ ನೋಡಲು ತಲೆ ಎತ್ತಲೇಬೇಕು, ಕತ್ತು ಬೆನ್ನಿನ ಸ್ನಾಯುಗಳಿಗೆ ಅದೇ ಕಸರತ್ತು. ತೂಗುತ್ತಲೇ ಕಾಳಿನ ಚೀಲವನ್ನು ಬುಟ್ಟಿಗೆ ಎಸೆಯುವಾಗ ಕಣ್ಣು, ಕೈ, ಒಳಗಿವಿ ಮೂರೂ ಒಂದೇ ಕೆಲಸಕ್ಕೆ ನಿಲ್ಲುತ್ತವೆ.

ಏರ್ಸ್ ಇದನ್ನೆಲ್ಲ ಒಂದು ಷರತ್ತಿಗೆ ಕಟ್ಟಿಹಾಕಿದರು. ಆಟವನ್ನು ಆರಿಸುವುದು ಮಗು. ಸವಾಲು ಅದರ ಕೈಗೆಟಕುವಷ್ಟೇ ಇರಬೇಕು, ಸ್ವಲ್ಪ ಚಾಚಿದರೆ ಸಿಗುವಂತಿರಬೇಕು. ಥೆರಪಿಸ್ಟಿನ ವಿದ್ಯೆಯೆಲ್ಲ ಇರುವುದು ಕೋಣೆಯನ್ನು ಹಾಗೆ ಸಜ್ಜುಗೊಳಿಸುವುದರಲ್ಲಿ. ಒಳಗಿನಿಂದ ಮನಸ್ಸು ಹೊರಟಾಗಲೇ ಮೆದುಳು ಆ ಚಲನೆಯನ್ನು ತನ್ನದಾಗಿಸಿಕೊಳ್ಳುತ್ತದೆಂಬುದು ಅವರ ನಂಬಿಕೆ. ಹೊರಗಿನಿಂದ ನೋಡುವವರಿಗೆ ಅದು ಬರೀ ಆಟದಂತೆ ಕಾಣುತ್ತದೆ. ಅಕ್ಕನ ಮಗಳಿಗೆ ಆನೆ ತೂಗಿದಂತೆ ಕಂಡದ್ದು ಅದೇ.

ನಮ್ಮ ದೇಶಕ್ಕೆ ಆಕ್ಯುಪೇಷನಲ್ ಥೆರಪಿಯ ವಿದ್ಯೆ ಕಾಲಿಟ್ಟದ್ದು ಮುಂಬೈಯಲ್ಲಿ. ಅಮೆರಿಕದಲ್ಲಿ ಹುಟ್ಟಿ, ಮದುವೆಯಾಗಿ ಇಲ್ಲಿಯವರೇ ಆದ ಕಮಲಾ ನಿಂಬ್ಕರ್ 1950ರಲ್ಲಿ ಕೆಇಎಂ ಆಸ್ಪತ್ರೆಯಲ್ಲಿ ಭಾರತದ ಮೊದಲ ಆಕ್ಯುಪೇಷನಲ್ ಥೆರಪಿ ಶಾಲೆ ತೆರೆದರು. ಅದೇ ಮುಂಬೈಯಲ್ಲಿ 1972ರಲ್ಲಿ ಮಿಥು ಆಲೂರ್ ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಿಗಾಗಿ ಸ್ಪಾಸ್ಟಿಕ್ಸ್ ಸೊಸೈಟಿ ಆರಂಭಿಸಿದರು. 1980ರಲ್ಲಿ ಬೆಂಗಳೂರಿನಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ ಹುಟ್ಟಿತು. 2013ರಲ್ಲಿ ಬಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಜಿಲ್ಲಾ ಮಟ್ಟದಲ್ಲಿ ಮಕ್ಕಳ ಶೀಘ್ರ ಪತ್ತೆ ಮತ್ತು ಚಿಕಿತ್ಸಾ ಕೇಂದ್ರಗಳ ಯೋಜನೆಯಾಯಿತು. ಹಣ ಕೊಡಲಾಗದವರು ಮೊದಲು ವಿಚಾರಿಸಬೇಕಾದ ಜಾಗ ಅದು. ಹಲವು ತಂದೆತಾಯಿಗಳಿಗೆ ಇದು ಗೊತ್ತೇ ಇಲ್ಲವೆಂಬುದು ನನ್ನ ಸಂಕಟ.

ಇಲ್ಲಿ ಇನ್ನೊಂದು ಮಾತು ಹೇಳದೆ ಹೋದರೆ ತಪ್ಪಾಗುತ್ತದೆ. ಜೋಕಾಲಿ ಆಟಿಸಂ ವಾಸಿ ಮಾಡುವುದಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2012ರಲ್ಲೇ, ಈ ಚಿಕಿತ್ಸೆಗೆ ಪುರಾವೆ ಸೀಮಿತ, ಒಟ್ಟು ಆರೈಕೆಯ ಒಂದು ಭಾಗವಾಗಿ ಇರಬಹುದು, ಅದನ್ನು ಪೋಷಕರಿಗೆ ತಿಳಿಸಿ ಎಂದಿತ್ತು. 2014ರಲ್ಲಿ ಆಟಿಸಂ ಇರುವ 32 ಮಕ್ಕಳ ಮೇಲೆ ನಡೆದ ಅಧ್ಯಯನದಲ್ಲಿ, ಮನೆಯವರೇ ಗೊತ್ತುಮಾಡಿದ ದಿನನಿತ್ಯದ ಗುರಿಗಳಲ್ಲಿ ಒಳ್ಳೆಯ ಫಲ ಕಂಡಿತು. 2022ರಲ್ಲಿ ಪ್ರಕಟವಾದ, 138 ಮಕ್ಕಳನ್ನೊಳಗೊಂಡ ಬ್ರಿಟನ್ನಿನ ಅಧ್ಯಯನದಲ್ಲಿ ವರ್ತನೆಯ ವಿಷಯದಲ್ಲಿ ಎಂದಿನ ಆರೈಕೆಗಿಂತ ಹೆಚ್ಚಿನ ಲಾಭ ಕಾಣಲಿಲ್ಲ. ‘ಇಷ್ಟು ಸೆಷನ್ ಮಾಡಿಸಿ, ಮಾತು ಬರುತ್ತದೆ’ ಎಂದು ಮಾತು ಕೊಡುವವರನ್ನು ನಂಬಬೇಡಿ. ಮುಂದಿನ ಮೂರು ತಿಂಗಳಲ್ಲಿ ಮಗು ಯಾವ ಒಂದು ಕೆಲಸ ಕಲಿಯಬೇಕು ಎಂದು ನಿಮ್ಮನ್ನು ಕೇಳುವವರ ಬಳಿ ಹೋಗಿ. ತಾಯಿಯನ್ನು ಬಾಗಿಲ ಹೊರಗೆ ಕೂರಿಸುವ ಕಡೆ ಎರಡನೇ ಸಲ ಹೋಗಬೇಡಿ.

ತೂಗುವುದರ ಬಲ ನಮ್ಮ ಅಜ್ಜಿಯರಿಗೆ ಗೊತ್ತಿತ್ತು, ಹೊಲದ ಮರಕ್ಕೂ ಸೀರೆಯ ಜೋಲಿ ಕಟ್ಟುತ್ತಿದ್ದರು. 2011ರಲ್ಲಿ ಜಿನೀವಾದ ಸಂಶೋಧಕರು 12 ಜನ ಗಂಡಸರನ್ನು ತೂಗುವ ಹಾಸಿಗೆಯ ಮೇಲೆ ಮಧ್ಯಾಹ್ನ ಮಲಗಿಸಿದಾಗ ಅವರು ಬೇಗ ನಿದ್ದೆಹೋದರು, ನಿದ್ದೆಯೂ ಆಳವಾಯಿತು. 2019ರಲ್ಲಿ ಇಲಿಗಳ ಮೇಲಿನ ಪ್ರಯೋಗವೊಂದರಲ್ಲಿ, ಒಳಗಿವಿಯ ಹರಳಿನ ಅರಿವಿಲ್ಲದ ಇಲಿಗಳಿಗೆ ತೂಗಿದರೂ ಏನೂ ಪ್ರಯೋಜನವಾಗಲಿಲ್ಲ. ತೊಟ್ಟಿಲು ತೂಗುವ ಕೈ ಮುಟ್ಟುತ್ತಿದ್ದುದು ಆ ಹರಳುಗಳನ್ನೇ.

ನಮ್ಮ ಹುಡುಗ ಮೂರನೇ ವಾರ ಆನೆಯನ್ನು ತಾನೇ ಹಲಗೆಯ ಮೇಲಿಟ್ಟು ಒಮ್ಮೆ ನೂಕಿದ. ಐದನೇ ವಾರ ಆನೆಯ ಪಕ್ಕ ಒಂದು ಮೊಣಕಾಲೂರಿದ. ಥೆರಪಿಸ್ಟ್ ನೂಕಲಿಲ್ಲ. ಇನ್ನೊಂದು ವಾರ ಕಳೆದ ಮೇಲೆ ಹೊಟ್ಟೆಯ ಮೇಲೆ ಮಲಗಿದ, ಎರಡೂ ಅಂಗೈ ನೆಲಕ್ಕೆ ಒತ್ತಿ ಹಿಡಿದು. ಆ ಕೈಗಳಿಂದ ತಾನೇ ಸ್ವಲ್ಪ ಮುಂದೆ, ಸ್ವಲ್ಪ ಹಿಂದೆ ಸರಿಸಿಕೊಂಡ. ಅವನ ತಾಯಿ ನನ್ನ ಮುಂಗೈ ಹಿಡಿದಿದ್ದಳು. ಉಗುರು ಊರಿದ್ದು ಮನೆಗೆ ಬಂದ ಮೇಲೆ ಗೊತ್ತಾಯಿತು.

ಈ ವರ್ಷದ ಪಂಚಮಿಗೆ ಊರಿಗೆ ಹೋಗಿದ್ದೆವು. ಬೇವಿನ ಟೊಂಗೆಗೆ ಗೋಣಿತಟ್ಟು ಸುತ್ತಿ ಹಗ್ಗ ಕಟ್ಟಿದರು. ಹಲಗೆಯನ್ನು ತೀರಾ ಕೆಳಗೆ, ಅವನ ಕಾಲು ಮುಟ್ಟುವಂತೆ ಇಳಿಸಲು ಹೇಳಿದೆ. ಅವನು ಬಂದು ಮೊದಲು ಹಗ್ಗ ಮುಟ್ಟಿ ನೋಡಿದ, ಎರಡೂ ಕಡೆ ಜಗ್ಗಿದ. ಆಮೇಲೆ ಹಲಗೆಗೆ ಅಡ್ಡವಾಗಿ ಹೊಟ್ಟೆಕೊಟ್ಟು ಮಲಗಿದ.

‘ಸರಿಯಾಗಿ ಕುಂದರೋ’ ಅಂದಳು ಅಕ್ಕ.

‘ಇರಲಿ ಬಿಡವ್ವ, ಹಂಗ ಇರಲಿ’ ಅಂದಳು ಅವನ ತಾಯಿ.

ಅವನು ಅಂಗೈಯನ್ನು ಮಣ್ಣಿಗೆ ಒತ್ತಿ ಒಂದು ಸಲ ನೂಕಿಕೊಂಡ, ತಲೆಯೆತ್ತಿ ನಮ್ಮನ್ನು ನೋಡಿದ, ಆಮೇಲೆ ಕೈ ಬಿಟ್ಟ.