ಒಂದು ಬೇರಿನ ತೂಕ

1784ರ ಫೆಬ್ರುವರಿ 22ರಂದು ‘ಎಂಪ್ರೆಸ್ ಆಫ್ ಚೈನಾ’ ಎಂಬ ಹಡಗು ನ್ಯೂಯಾರ್ಕ್ ಬಂದರು ಬಿಟ್ಟು ಚೀನಾದ ಕ್ಯಾಂಟನ್‌ಗೆ ಹೊರಟಿತು. ಸ್ವತಂತ್ರ ಅಮೆರಿಕದಿಂದ ಚೀನಾಕ್ಕೆ ಹೊರಟ ಮೊದಲ ವ್ಯಾಪಾರಿ ಹಡಗು ಅದು. ಚಹಾ, ರೇಷ್ಮೆ, ಪಿಂಗಾಣಿ ಬೇಕಿತ್ತು ಅಮೆರಿಕದವರಿಗೆ. ಆದರೆ ಅವರ ಬಳಿ ಇದ್ದ ಯಾವ ಸರಕನ್ನು ಚೀನೀಯರು ಕೈಚಾಚಿ ಕೊಳ್ಳುತ್ತಾರೆ? ಉತ್ತರ 242 ಪೀಪಾಯಿಗಳಲ್ಲಿತ್ತು: ಸುಮಾರು 26 ಟನ್ ಒಣ ಜಿನ್ಸೆಂಗ್ ಬೇರು.

ಕಾಡಿನಿಂದ ಕಿತ್ತು ಒಣಗಿಸಿದ ಜಿನ್ಸೆಂಗ್ ಬೇರೊಂದು ತೂಗುವುದು ಕೆಲವೇ ಗ್ರಾಂ. ಧಾರಾಳವಾಗಿ ತಲಾ ಹತ್ತು ಗ್ರಾಂ ಎಂದು ಲೆಕ್ಕ ಹಿಡಿದರೂ ಆ ಒಂದೇ ಹಡಗಿಗಾಗಿ ಇಪ್ಪತ್ತೈದು ಲಕ್ಷಕ್ಕೂ ಮಿಕ್ಕಿ ಗಿಡಗಳು ನೆಲದಿಂದ ಎದ್ದಿರಬೇಕು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬೆಟ್ಟಸೀಮೆಯಲ್ಲಿ ಪ್ರಯಾಣಿಸುತ್ತಿದ್ದ ಜಾರ್ಜ್ ವಾಷಿಂಗ್ಟನ್, ಜಿನ್ಸೆಂಗ್ ಹೇರಿಕೊಂಡು ಸಾಗುವ ಕುದುರೆಗಳ ಸಾಲು ಎದುರಾದದ್ದನ್ನು ದಿನಚರಿಯಲ್ಲಿ ಬರೆದಿಟ್ಟಿದ್ದಾರೆ. ಹಡಗು ಮರಳಿದ್ದು 1785ರ ಮೇ ತಿಂಗಳಲ್ಲಿ, ಸುಮಾರು 30,000 ಡಾಲರ್ ಲಾಭದೊಂದಿಗೆ.

ಇಷ್ಟಕ್ಕೆಲ್ಲ ಕಾರಣ, ಮುಪ್ಪನ್ನು ಮುಂದೂಡಬೇಕೆಂಬ ಮನುಷ್ಯನ ಬಯಕೆ. ಚೀನಾದ ಅತಿ ಹಳೆಯ ಔಷಧ ಗ್ರಂಥವಾದ ‘ಷೆನ್ನಾಂಗ್ ಬೆಂಚಾವೋ ಜಿಂಗ್’ 365 ದ್ರವ್ಯಗಳನ್ನು ಮೂರು ದರ್ಜೆಗಳಲ್ಲಿ ಇಡುತ್ತದೆ. ರೋಗ ಬಿಡಿಸುವ ಖಾರವಾದ ಮದ್ದುಗಳಿಗೆ ಅಲ್ಲಿ ಕೆಳಗಿನ ಸ್ಥಾನ. ಮೇಲ್ದರ್ಜೆಯ 120 ದ್ರವ್ಯಗಳು ವಿಷವಿಲ್ಲದವು, ಬಹುಕಾಲ ಸೇವಿಸಿದರೆ ದೇಹ ಹಗುರಾಗಿ ಆಯುಸ್ಸು ಹೆಚ್ಚುತ್ತದೆ ಎಂಬ ನಂಬಿಕೆಯವು. ಜಿನ್ಸೆಂಗ್ ಇರುವುದು ಅಲ್ಲಿ. ಹದಿನಾರನೆಯ ಶತಮಾನದ ಲಿ ಷಿಝೆನ್ 27 ವರ್ಷ ದುಡಿದು, 1,892 ದ್ರವ್ಯಗಳೂ 11,096 ಔಷಧ ಯೋಗಗಳೂ ಇರುವ ಮಹಾಗ್ರಂಥ ಬರೆದ. ಅವನ ತಂದೆ ಲಿ ಯಾನ್‌ವೆನ್ ಕೂಡ ವೈದ್ಯ. ಆತ ಈ ಒಂದೇ ಬೇರಿನ ಮೇಲೆ ಪ್ರತ್ಯೇಕ ಗ್ರಂಥ ರಚಿಸಿದ್ದ.

ಹಾಗಾಗಿ ಬೇರಿರುವ ಕಾಡು ಯಾರ ಕೈಯಲ್ಲಿತ್ತೋ ಅವರ ಕೈಯಲ್ಲಿ ಹಣವೂ ಇತ್ತು. ಹದಿನೇಳನೆಯ ಶತಮಾನದ ಆರಂಭದಲ್ಲಿ ಮಂಚೂರಿಯಾದ ನಾಯಕ ನೂರ್ಹಾಚಿಗೂ ಮಿಂಗ್ ಆಡಳಿತಕ್ಕೂ ಮನಸ್ತಾಪ ಬೆಳೆದು ಮಾರುಕಟ್ಟೆ ಮುಚ್ಚಿತು. ಎರಡು ವರ್ಷಗಳಲ್ಲಿ ಕೊಳ್ಳುವವರಿಲ್ಲದೆ ಕೊಳೆತ ಜಿನ್ಸೆಂಗ್ ಒಂದು ಲಕ್ಷ ಜಿನ್‌ಗೂ ಹೆಚ್ಚು, ಅಂದರೆ ಸುಮಾರು ಅರವತ್ತು ಟನ್. ಹಸಿ ಬೇರನ್ನು ಕುದಿಸಿ ಒಣಗಿಸಿ ಕಾಪಿಡುವ ಪದ್ಧತಿಯನ್ನು ನೂರ್ಹಾಚಿ ತನ್ನ ಜನರಲ್ಲಿ ಹರಡಿದ. ಇನ್ನು ಅವಸರದಲ್ಲಿ ಅಗ್ಗಕ್ಕೆ ಮಾರಬೇಕಾದ ಗತಿ ಇರಲಿಲ್ಲ. ಅವನ ವಂಶದವರು 1644ರಲ್ಲಿ ಬೀಜಿಂಗ್‌ನ ಸಿಂಹಾಸನ ಏರಿದರು. ಆ ಏರಿಕೆಗೆ ಒದಗಿದ ಸಂಪತ್ತಿನಲ್ಲಿ ಈ ಬೇರಿನ ಪಾಲೂ ಇದೆ.

ಆ ವಂಶದ ಕಾಂಗ್ಷಿ ಚಕ್ರವರ್ತಿ, ನಕ್ಷೆ ತಯಾರಿಸಲು ಕಳಿಸಿದವರಲ್ಲಿ ಪಿಯೆರ್ ಜಾರ್ತೂ ಎಂಬ ಫ್ರೆಂಚ್ ಜೆಸೂಟ್ ಪಾದ್ರಿ ಒಬ್ಬ. 1709ರಲ್ಲಿ ಆತ ಮಂಚೂರಿಯಾದಲ್ಲಿ ಕಂಡದ್ದು ಬೇರು ಕೀಳಲು ನೇಮಕವಾದ 10,000 ಜನರ ಪಡೆ. ಪ್ರತಿಯೊಬ್ಬನೂ ಉತ್ತಮವಾದ ಎರಡು ಔನ್ಸ್ ಬೇರನ್ನು ಚಕ್ರವರ್ತಿಗೆ ಒಪ್ಪಿಸಬೇಕು. ಮಿಕ್ಕಿದ್ದಕ್ಕೆ ಬೇರಿನ ತೂಕದಷ್ಟು ಅಪ್ಪಟ ಬೆಳ್ಳಿ. ಆ ವರ್ಷ ಅರಮನೆಗೆ 20,000 ಜಿನ್ ಸೇರುವ ಅಂದಾಜಿತ್ತು, ನಮ್ಮ ಲೆಕ್ಕದಲ್ಲಿ ಸುಮಾರು ಹನ್ನೆರಡು ಟನ್. ಆ ಬೆಲೆಯೂ ನಿಜವಾದ ಬೆಲೆಯ ಕಾಲುಭಾಗವನ್ನು ಮೀರದು ಎಂದು ಆತ ಬರೆದ.

ಈ ಇಡೀ ಕಥೆಯಲ್ಲಿ ನನ್ನನ್ನು ಅತ್ಯಂತ ಬೆರಗಾಗಿಸುವುದು ಅರಮನೆಯ ಬೆಳ್ಳಿಯಲ್ಲ, ಜಾರ್ತೂ 1711ರ ಪತ್ರದಲ್ಲಿ ಮಾಡಿದ ಒಂದು ಊಹೆ. ಗಿಡ ಬೆಳೆಯುವುದು 39ರಿಂದ 47 ಡಿಗ್ರಿ ಉತ್ತರ ಅಕ್ಷಾಂಶದೊಳಗೆ, ದಟ್ಟ ಕಾಡಿನ ನೆರಳಲ್ಲಿ ಎಂದು ಗುರುತಿಸಿದ ಆತ, ಭೂಮಿಯ ಮೇಲೆ ಬೇರೆಲ್ಲಾದರೂ ಇದು ಸಿಗುವುದಾದರೆ ಕೆನಡಾದಲ್ಲಿ ಸಿಗಬೇಕು ಎಂದ. ಆತ ಕೆನಡಾ ನೋಡಿದವನಲ್ಲ. ಆ ಪತ್ರ ಓದಿದ ಇನ್ನೊಬ್ಬ ಪಾದ್ರಿ ಲಾಫಿತೋ ಮಾಂಟ್ರಿಯಲ್ ಬಳಿ ಮೊಹಾಕ್ ಮೂಲನಿವಾಸಿಗಳ ಹಳ್ಳಿಯಲ್ಲಿದ್ದ. ಮೂರು ತಿಂಗಳು ಕಾಡು ಸುತ್ತಿದ. 1716ರಲ್ಲಿ, ಮನೆಯೊಂದನ್ನು ಕಟ್ಟುತ್ತಿದ್ದ ಜಾಗದ ಪಕ್ಕದಲ್ಲೇ ಕೆಂಪು ಹಣ್ಣಿನ ಗಿಡ ಕಣ್ಣಿಗೆ ಬಿತ್ತು. ಅದನ್ನು ಮದ್ದೆಂದು ಗುರುತಿಸಿದ್ದು ಒಬ್ಬ ಮೊಹಾಕ್ ಹೆಂಗಸು. ಬೀಜಿಂಗ್‌ನಿಂದ ಹತ್ತು ಸಾವಿರ ಕಿಲೋಮೀಟರ್ ಆಚೆ, ಮಂಚೂರಿಯಾದ ಗಿಡದ ಒಡಹುಟ್ಟಿದ ಜಾತಿ! ಎರಡು ಖಂಡಗಳ ಈ ಕಾಡುಗಳು ಕೋಟ್ಯಂತರ ವರ್ಷಗಳ ಹಿಂದೆ ಹಬ್ಬಿದ್ದ ಒಂದೇ ವನದ ಉಳಿಕೆಗಳು ಎಂಬುದು ಆಮೇಲೆ ತಿಳಿಯಿತು.

ಕೆನಡಾದವರು ಕಾಡಿಗೆ ಮುಗಿಬಿದ್ದರು. 1752ರಲ್ಲಿ ಅಲ್ಲಿಂದ ಹೋದ ಜಿನ್ಸೆಂಗ್‌ನ ಬೆಲೆ ಆಗಿನ ಫ್ರೆಂಚ್ ಹಣದಲ್ಲಿ 5 ಲಕ್ಷ ಲಿವ್ರ್. ಆತುರಕ್ಕೆ ಬೇರನ್ನು ಅಕಾಲದಲ್ಲಿ ಕಿತ್ತು, ಒಲೆಯಲ್ಲಿಟ್ಟು ಒಣಗಿಸಿ ಕೆಡಿಸಿದರು. ಚೀನೀಯರು ಮುಖ ತಿರುಗಿಸಿದರು. 1754ರಲ್ಲಿ ವ್ಯಾಪಾರ 33,000 ಲಿವ್ರ್‌ಗೆ ಕುಸಿದಿತ್ತು.

ಈ ಗಿಡ ಆತುರಕ್ಕೆ ಒಗ್ಗುವುದೇ ಇಲ್ಲ. ನೆಲಕ್ಕೆ ಬಿದ್ದ ಬೀಜ ಮೊಳೆಯಲು ಹದಿನೆಂಟು ತಿಂಗಳಾದರೂ ಬೇಕು. ಮೊದಲ ವರ್ಷ ಮೂರು ಎಸಳಿನ ಒಂದೇ ಎಲೆ, ಅಷ್ಟೆ. ಹೂವು ಹಣ್ಣು ನೋಡಲು ಕಾಡಿನಲ್ಲಿ ಹಲವು ವರ್ಷ ಕಾಯಬೇಕು. ಹಣ್ಣೊಂದರಲ್ಲಿ ಸಾಮಾನ್ಯವಾಗಿ ಎರಡೇ ಬೀಜ. ಪ್ರತಿ ಶರತ್ಕಾಲದಲ್ಲಿ ಕಾಂಡ ಬಾಡಿ ಉದುರಿ ಬೇರಿನ ಕೊರಳಲ್ಲಿ ಒಂದು ಕಲೆ ಬಿಡುತ್ತದೆ. ಆ ಕಲೆಗಳನ್ನು ಎಣಿಸಿದರೆ ಗಿಡದ ವಯಸ್ಸು. ಹೊರಗೆ ಇಷ್ಟು ಮಿತವಾಗಿರುವ ಗಿಡದ ಒಳಗೆ ಏಷ್ಯಾದ ಜಾತಿಯಲ್ಲಿ 59,352 ಜೀನ್‌ಗಳಿವೆ ಎಂದು 2018ರಲ್ಲಿ ಎಣಿಕೆಯಾಯಿತು. ಮನುಷ್ಯನಲ್ಲಿರುವುದು ಸುಮಾರು 20,000.

ಕೀಳುವ ವೇಗಕ್ಕೂ ಬೆಳೆಯುವ ವೇಗಕ್ಕೂ ಹೊಂದಿಕೆಯಾಗಲೇ ಇಲ್ಲ. ಅಮೆರಿಕದ ಜಾತಿ 1975ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಸೈಟಿಸ್ ಪಟ್ಟಿಗೆ ಸೇರಿತು. ಐದು ವರ್ಷ ತುಂಬದ ಕಾಡುಬೇರನ್ನು ಅಲ್ಲಿಂದ ಹೊರಕಳಿಸುವಂತಿಲ್ಲ. ಇಂದಿನ ಸಾಮ್ರಾಜ್ಯ ಹೊಲದ್ದು, ನೆರಳಿನ ಚಪ್ಪರದ ಕೆಳಗಿನದು. 2013ರಲ್ಲಿ ಪ್ರಕಟವಾದ ಅಂದಾಜಿನ ಪ್ರಕಾರ ಜಗತ್ತಿನ ಬೆಳೆ ಸುಮಾರು 80,000 ಟನ್ ಹಸಿ ಬೇರು: ಚೀನಾದಲ್ಲಿ 45,000 ಟನ್‌ನಷ್ಟು, ದಕ್ಷಿಣ ಕೊರಿಯಾದಲ್ಲಿ 27,000ಕ್ಕೂ ಹೆಚ್ಚು, ಮಿಕ್ಕಿದ್ದು ಬಹುತೇಕ ಕೆನಡಾ ಮತ್ತು ಅಮೆರಿಕದ್ದು. ವಹಿವಾಟು 200 ಕೋಟಿ ಡಾಲರ್ ಮೀರಿದ್ದು. ಒಮ್ಮೆ ಬೆಳೆ ತೆಗೆದ ಮಣ್ಣಿನಲ್ಲಿ ಮತ್ತೆ ಅದೇ ಬೆಳೆ ಬಹಳ ವರ್ಷ ಏಳದು, ರೈತ ಹೊಸ ನೆಲ ಹುಡುಕಬೇಕು.

ಎರಡು ಸಾವಿರ ವರ್ಷದ ಈ ನಂಬಿಕೆಯ ಎದುರು ಪ್ರಯೋಗಗಳ ಅಂಕಿ ಪುಟ್ಟದು. 2013ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ 364 ಕ್ಯಾನ್ಸರ್ ಪೀಡಿತರಿಗೆ ದಿನಕ್ಕೆ ಎರಡು ಗ್ರಾಂ ಅಮೆರಿಕನ್ ಜಿನ್ಸೆಂಗ್ ಅಥವಾ ಮದ್ದಿಲ್ಲದ ಗುಳಿಗೆ ಕೊಟ್ಟು ನೋಡಿದರು. ಎಂಟು ವಾರಕ್ಕೆ, ಜಿನ್ಸೆಂಗ್ ಪಡೆದವರ ಆಯಾಸ ಒಂದಿಷ್ಟು ಹೆಚ್ಚಾಗಿ ತಗ್ಗಿತ್ತು. ಆರೋಗ್ಯವಂತರ ನೆನಪು, ಬುದ್ಧಿ ಚುರುಕಾಗುತ್ತದೆ ಎನ್ನಲು ಮನವೊಪ್ಪುವ ಪುರಾವೆ ಇಲ್ಲವೆಂದು, ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದ 2010ರ ಕೊಕ್ರೇನ್ ಪರಿಶೀಲನೆ ಹೇಳಿತು. ಆಯಾಸಕ್ಕೆ ತುಸು ಆಸರೆಯಾಗಬಹುದು. ಆಯುಸ್ಸು ಕೊಡುತ್ತದೆ ಎನ್ನುವುದನ್ನು ನಾನಂತೂ ನಂಬಲಾರೆ.

ನಮ್ಮಲ್ಲಿ ‘ಇಂಡಿಯನ್ ಜಿನ್ಸೆಂಗ್’ ಎಂದು ಮಾರುವ ಅಶ್ವಗಂಧ, ಅಂದರೆ ನಮ್ಮ ಹಿರೇಮದ್ದು, ಬದನೆಯ ಕುಟುಂಬದ್ದು. ಈ ಬೇರಿಗೆ ನಂಟಲ್ಲ. ಆದರೆ ಔಷಧದಂಗಡಿಯ ಎಷ್ಟೋ ಶಕ್ತಿಗುಳಿಗೆಗಳಲ್ಲಿ ನಿಜವಾದ ಜಿನ್ಸೆಂಗ್ ಇರುತ್ತದೆ. ಅಮೆರಿಕನ್ ಜಿನ್ಸೆಂಗ್ ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಮಾತ್ರೆಯ ಪ್ರಭಾವವನ್ನು ಕುಗ್ಗಿಸುತ್ತದೆಂದು 2004ರ ಪ್ರಯೋಗ ತೋರಿಸಿದೆ. ಮನೆಯ ಹಿರಿಯರು ಹೃದಯದ ಮಾತ್ರೆಗಳ ಜೊತೆ ಇಂಥ ಗುಳಿಗೆ ನುಂಗುತ್ತಿದ್ದರೆ, ಡಬ್ಬಿಯನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ ವೈದ್ಯರಿಗೆ ತೋರಿಸಿ.